ಗೋಳಿಕಟ್ಟೆ ಒಡೆಯುವ ಮುಂಚೆ ಒಂದು ಸಂಜೆ ಬಂದು ಕೂತು ನೋಡಿ

ಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಆಡಳಿತ ಸಮಿತಿಯ ಸದಸ್ಯರು,
ಗ್ರಾಮ ಪಂಚಾಯತ್ ಕಚೇರಿ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ.

ಇಂದ,
ಪೇಟೆ ವಾರ್ಡಿನ ನಿವಾಸಿಗಳು, ಅಂಗಡಿಯವರು ಮತ್ತು ಆಟೋ ಚಾಲಕರು.

ವಿಷಯ: ಪೇಟೆಯ ಗೋಳಿಕಟ್ಟೆ (ಆಲದ ಮರದ ಕಟ್ಟೆ) ಮತ್ತು ಮೈದಾನದ ಸೌಂದರ್ಯೀಕರಣ ನಕ್ಷೆಯನ್ನು ಊರವರ ಜೊತೆ ಕೂತು ತಿದ್ದುವ ಬಗ್ಗೆ.

ಮಾನ್ಯರೇ,

ಪೇಟೆಯನ್ನು ಚಂದ ಮಾಡಲು ಪಂಚಾಯತ್ ಹಣ ಇಟ್ಟಿದೆ ಅಂತ ಕೇಳಿ ನಮಗೆಲ್ಲ ಖುಷಿಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಮನವಿ ಪತ್ರ ಅಂದ ಕೂಡಲೇ 'ಇವರದ್ದೊಂದು ತಕರಾರು' ಅಂತ ಬದಿಗಿಡುವುದುಂಟು. ನಮ್ಮ ತಕರಾರು ಹಣದ ಮೇಲಲ್ಲ, ನಕ್ಷೆಯ ಮೇಲೆ. ಕಚೇರಿಯಲ್ಲಿ ಅಂಟಿಸಿದ ನಕ್ಷೆಯನ್ನು ನಾಲ್ಕೈದು ಜನ ಹೋಗಿ ನೋಡಿ ಬಂದೆವು. ಮೈದಾನದ ತುಂಬ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್. ಕಟ್ಟೆ ಇದ್ದಲ್ಲಿ ಕಾರಂಜಿ. ಸುತ್ತ ಸ್ಟೀಲ್ ಬೇಲಿ, ಒಂದೇ ಗೇಟು, ಗೇಟಿನ ಪಕ್ಕ 'ಐ ಲವ್' ಅಂತ ಶುರುವಾಗುವ ದೊಡ್ಡ ಬಣ್ಣದ ಅಕ್ಷರಗಳು. ಗೋಳಿಮರ ಎಲ್ಲಿ ಅಂತ ಕೇಳಿದೆವು. ನಕ್ಷೆ ಮಾಡಿದವರಿಗೆ ಜಾಗದ ಅಳತೆ ಮಾತ್ರ ಕಳಿಸಿದ್ದು, ಮರದ ವಿಷಯ ಅವರಿಗೆ ಗೊತ್ತಿಲ್ಲ ಅಂತ ಉತ್ತರ ಬಂತು.

ಅಲ್ಲಿಂದ ಬಂದ ಮೇಲೆ ನಾವೇ ಒಂದು ಕೆಲಸ ಮಾಡಿದೆವು. ಒಂದು ವಾರ, ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ, ಸರದಿಯಲ್ಲಿ ಒಬ್ಬೊಬ್ಬರು ನೋಟುಬುಕ್ಕು ಹಿಡಿದು ಅಲ್ಲೇ ಕೂತೆವು. ಯಾರು ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಅಂತ ಬರೆದುಕೊಂಡೆವು. ಉಪಾಯ ನಮ್ಮದಲ್ಲ. 1970ರ ದಶಕದಲ್ಲಿ ವಿಲಿಯಂ ವೈಟ್ ಎನ್ನುವವರು ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮರಾ ಇಟ್ಟು ಹೀಗೇ ನೋಡಿದ್ದರು. ಕೆಲವು ಚೌಕಗಳು ತುಂಬಿರುತ್ತವೆ, ಕೆಲವು ಭಣಭಣ. ಯಾಕೆ? ಅವರು ಕಂಡುಕೊಂಡದ್ದು ನಮ್ಮ ಮನೆಯ ಅಜ್ಜಂದಿರೂ ಹೇಳುವಂಥ ಮಾತು: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ವ್ಯತ್ಯಾಸ ಏನೆಂದರೆ ಅಲ್ಲಿ ಅದನ್ನು ಕೇಳಿಸಿಕೊಂಡರು. 1975ರಲ್ಲಿ ನಿಯಮ ತಿದ್ದಿ ಅಂಥ ಚೌಕಗಳಲ್ಲಿ ಆಸನ ಕಡ್ಡಾಯ ಮಾಡಿದರು.

ನೋಟುಬುಕ್ಕಿನಲ್ಲಿ ಇರುವುದನ್ನು ಸ್ವಲ್ಪ ಹೇಳುತ್ತೇವೆ. ಬೆಳಗ್ಗೆ ಆರೂವರೆಗೆ ಹಾಲಿನ ಸೊಸೈಟಿಗೆ ಬಂದವರು ಕಟ್ಟೆಯ ಪೂರ್ವ ಬದಿಯಲ್ಲಿ ಕೂರುತ್ತಾರೆ. ಪೇಪರಿನ ಕಟ್ಟು ಬೀಳುವುದೂ ಅಲ್ಲೇ. ಕನ್ನಡದ್ದೊಂದು, ಮಲಯಾಳದ್ದೊಂದು, ಎರಡೂ ಕೈಯಿಂದ ಕೈಗೆ ಹೋಗಿ ಒಂಬತ್ತಕ್ಕೆ ಮುದ್ದೆಯಾಗಿರುತ್ತವೆ. ಎಂಟಕ್ಕೆ ಶಾಲೆ ಮಕ್ಕಳು. ಅವರು ಬಸ್ಸಿಗೆ ಕಾಯುವುದು ಮರದ ಕೆಳಗೆ, ಬಸ್ ತಂಗುದಾಣದಲ್ಲಿ ಅಲ್ಲ. ಹನ್ನೊಂದಕ್ಕೆ ಬೀಡಿ ಕೊಡಲು ಬಂದ ಹೆಂಗಸರು. ಮಧ್ಯಾಹ್ನ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ಗೋಣಿಗಳನ್ನು ಮರದ ಬುಡಕ್ಕೆ ಒರಗಿಸಿ ಅಲ್ಲೇ ಬುತ್ತಿ ಬಿಚ್ಚುತ್ತಾರೆ. ಮನೆ ಮನೆ ತಿರುಗಿ ನಮ್ಮ ಕಸ ಹೊರುವವರಿಗೆ ಈ ಪೇಟೆಯಲ್ಲಿ ಇರುವ ಕೂರುವ ಜಾಗ ಅದೊಂದೇ. ಸಂಜೆ ಮೀನಿನ ಸ್ಕೂಟರು, ಚೆಂಡಾಡುವ ಹುಡುಗರು, ಮಾತಾಡಿ ಮುಗಿಯದ ಹಿರಿಯರು.

ಸಂಜೆ ಆರೂವರೆ ಕಳೆದ ಮೇಲೆ ನೋಟುಬುಕ್ಕಿನಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಬಸ್ಸಿಂದ ಇಳಿದವರು ನೇರ ಮನೆಗೆ ಹೋಗುತ್ತಾರೆ. ಇರುವ ಒಂದು ದೀಪ ಉರಿಯುವುದಿಲ್ಲ, ಶೌಚಾಲಯ ಇಲ್ಲ. ಆ ಹೊತ್ತಿನ ಸರದಿಗೆ ಕೂತು ಬರೆದದ್ದೂ ಗಂಡಸರೇ, ಹೆಂಗಸರು ಒಪ್ಪಲಿಲ್ಲ. ಹೊಸ ನಕ್ಷೆಯಲ್ಲಿ ಕಾರಂಜಿಯ ಒಳಗೆ ಬಣ್ಣದ ಲೈಟು ಇದೆ. ದಾರಿಗೆ ಲೈಟು ಕಾಣಲಿಲ್ಲ.

ಬಸ್ ತಂಗುದಾಣದ ಕಥೆ ಹೇಳಲೇಬೇಕು. ಮರದಿಂದ ಇಪ್ಪತ್ತು ಹೆಜ್ಜೆ ದೂರ, ಪಶ್ಚಿಮಕ್ಕೆ ಮುಖ. ಮಧ್ಯಾಹ್ನ ಎರಡು ಗಂಟೆ ಕಳೆದರೆ ಅದರ ಸ್ಟೀಲ್ ಬೆಂಚು ದೋಸೆ ಕಾವಲಿ. ಜೂನ್ ಬಂದರೆ ಗಾಳಿಮಳೆಯ ಎರಚಲು ನೇರ ಒಳಗೆ. ಬದಿಯ ಗೋಡೆಗೆ ಫ್ಲೆಕ್ಸ್ ಹಾಕಿರುವುದರಿಂದ ಒಳಗೆ ಕೂತವರಿಗೆ ಬಸ್ಸು ಬರುವುದು ಕಾಣುವುದಿಲ್ಲ. ಮೊಣಕಾಲೆತ್ತರದ ಮೆಟ್ಟಿಲು ಬೇರೆ. ಡ್ರೈವರುಗಳಿಗೂ ಗೊತ್ತು, ಬಸ್ಸು ಮರದ ಹತ್ತಿರವೇ ನಿಲ್ಲಿಸುತ್ತಾರೆ. ಮಂಗಳವಾರ ಮದ್ದಿಗೆ ಬಂದ ಅಜ್ಜಿಯೊಬ್ಬರು ಆ ಮೆಟ್ಟಿಲು ನೋಡಿ ವಾಪಸು ಬಂದು ಕಟ್ಟೆಯ ಮೂಲೆಗೆ ಕೈ ಊರಿ ನಿಂತರು. "ಕೂತ್ಕೊಳ್ಳಿ ಅಜ್ಜಿ" ಅಂದೆವು. "ಕೂತರೆ ಏಳಿಸ್ಲಿಕ್ಕೆ ಒಬ್ಬರು ಬೇಕು ಮಗಾ, ನಿಂತದ್ದೇ ಒಳ್ಳೇದು" ಅಂದರು. ಆ ಬದಿಯಲ್ಲಿ ಕಟ್ಟೆ ತೀರಾ ತಗ್ಗು. ಹಾಗಾಗಿ ನಾವು ಕೇಳುವುದು ಇಷ್ಟು: ಮರದ ನೆರಳಲ್ಲಿ ಒಂದೂವರೆ ಅಡಿ ಎತ್ತರದ, ಕೈ ಊರಿ ಏಳಲು ಹಿಡಿಕೆ ಇರುವ ನಾಲ್ಕೈದು ಬೆಂಚು. ಮೆಟ್ಟಿಲು ಇರುವಲ್ಲೆಲ್ಲ ಪಕ್ಕದಲ್ಲಿ ಇಳಿಜಾರು, ಒಂದಡಿ ಏರಲು ಹನ್ನೆರಡು ಅಡಿ ಉದ್ದ. ನಡೆಯುವ ದಾರಿ ಕಂಬ, ಬೋರ್ಡು, ಬೈಕು ಬಿಟ್ಟು 1.8 ಮೀಟರ್ ಅಗಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕನಿಷ್ಠ ಅಂತ ಹೇಳುವುದೂ ಅಷ್ಟೇ ಅಗಲ, ನಾವು ಜಾಸ್ತಿ ಏನೂ ಕೇಳುತ್ತಿಲ್ಲ.

ಇನ್ನು ನೀರಿನ ವಿಷಯ. ಮೈದಾನ 25 ಸೆಂಟ್, ಅಂದರೆ ಸಾವಿರ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಲೆಕ್ಕ ಹಾಕಿದರೆ ಆ ತುಂಡು ನೆಲದ ಮೇಲೆ ಬೀಳುವುದು ವರ್ಷಕ್ಕೆ 35 ಲಕ್ಷ ಲೀಟರ್. ಈಗ ಅದರಲ್ಲಿ ಬಹುಪಾಲು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲಕ್ಕೆ ಇಂಗುತ್ತದೆ, ಉಳಿದದ್ದು ಹಿಂಬದಿಯ ಮದಕಕ್ಕೆ (ಸಣ್ಣ ಕೆರೆಗೆ) ಹೋಗುತ್ತದೆ. ಕೆಳಗಿನ ಮನೆಗಳ ಬಾವಿಗೆ ಮಾರ್ಚಿನವರೆಗೆ ಜೀವ ಇರುವುದು ಅದರಿಂದ. ಗುಡ್ಡೆಯ ಹೊಟ್ಟೆಗೆ ಅಡ್ಡ ಸುರಂಗ ಕೊರೆದು ನೀರು ತಂದ ಹಿರಿಯರ ಊರಿನಲ್ಲಿ, ಮೇಲಿಂದ ಪುಕ್ಕಟೆ ಬಿದ್ದ ನೀರನ್ನು ಸಿಮೆಂಟಿನ ಮೇಲಿಂದ ರಸ್ತೆಗೆ ಓಡಿಸುವುದು ಅಂದರೆ ಏನು ಹೇಳಬೇಕು? ಮೇಲಿನ ರಸ್ತೆಯ ಬದಿಗೆ ಇಂಟರ್‌ಲಾಕ್ ಹಾಸಿದ ವರ್ಷವೇ ದರ್ಜಿ ಅಂಗಡಿಯೊಳಗೆ ನೀರು ನುಗ್ಗಿತು. ಈಗ ಅವರು ಮಳೆಗಾಲದಲ್ಲಿ ರಾತ್ರಿ ಬಾಗಿಲು ಹಾಕುವಾಗ ಹೊಲಿಗೆ ಮೆಷಿನಿನ ಮೋಟಾರು ಬಿಚ್ಚಿ ಕಪಾಟಿನ ಮೇಲಿಟ್ಟು ಹೋಗುತ್ತಾರೆ.

ಮೈದಾನದ ನಡು ಮಣ್ಣಾಗಿಯೇ ಇರಲಿ. ನಡೆಯುವಲ್ಲಿ ಮಾತ್ರ ಕಲ್ಲು ಹಾಸಿ, ಕಲ್ಲಿನ ನಡುವೆ ಸಂದು ಬಿಟ್ಟು ಹುಲ್ಲು ಬರಲು ಬಿಡಿ. ಮುರಕಲ್ಲು ಇಲ್ಲೇ ಸಿಗುತ್ತದೆ, ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಕಟ್ಟುವ ಮೇಸ್ತ್ರಿಗಳೂ ಇಲ್ಲೇ ಇದ್ದಾರೆ. ಮದಕದಲ್ಲಿ ಹೂಳು ತುಂಬಿದೆ. ಕಾರಂಜಿಗೆ ಇಟ್ಟ ಹಣದಲ್ಲಿ ಅದರ ಹೂಳೆತ್ತಿ, ದಂಡೆಗೆ ಎರಡು ಬೆಂಚು ಹಾಕಿದರೆ ನೀರು ನೋಡುವ ಆಸೆಯೂ ತೀರುತ್ತದೆ, ಕರೆಂಟು ಬಿಲ್ಲೂ ಇಲ್ಲ. ಹಾಗೆಯೇ, ಮರ ಉಳಿಸುತ್ತೇವೆ ಅಂತ ಹೇಳಿ ಬುಡದವರೆಗೆ ಕಾಂಕ್ರೀಟ್ ಹಾಕಬೇಡಿ. ಬೇರಿಗೆ ನೀರು, ಗಾಳಿ ಇಲ್ಲದೆ ಮರ ನಿಧಾನಕ್ಕೆ ಸಾಯುತ್ತದೆ, ಆಮೇಲೆ 'ಅಪಾಯಕಾರಿ ಮರ' ಅಂತ ಕಡಿಯುತ್ತಾರೆ.

ಬೇಲಿ, ಗೇಟು ಬೇಡವೇ ಬೇಡ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಇನ್ನೊಂದು ಸಣ್ಣ ವಿಷಯ, ನಮಗೆ ಸಣ್ಣದಲ್ಲ. ವರ್ಷಕ್ಕೊಮ್ಮೆ ಈ ಮೈದಾನದಲ್ಲಿ ಬಯಲಾಟ ಆಗುತ್ತದೆ. ರಂಗಸ್ಥಳದ ಕಂಬ ಹೂಳುವುದು ಮಣ್ಣಿನಲ್ಲಿ. ಇಂಟರ್‌ಲಾಕಿನಲ್ಲಿ ಎಲ್ಲಿ ಹೂಳುವುದು? ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಈ ಪ್ರಶ್ನೆ ಕೇಳಬೇಕಾಗಿ ಬಂತಲ್ಲ ಅಂತ ಹಿರಿಯರೊಬ್ಬರು ನಕ್ಕರು.

ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಆರು ಪಥ ಆಗುವಾಗ ಬದಿಯ ಮರಗಳು ಹೋದದ್ದು ನೀವೂ ನೋಡಿದ್ದೀರಿ. ಬಸ್ಸು ಬೇಗ ಹೋಗುತ್ತದೆ, ನಿಜ. ಕಾಯುವವರು ಮಾತ್ರ ಕೊಡೆ ಬಿಡಿಸಿ ನಿಲ್ಲಬೇಕು. ಅಲ್ಲಿ ಬೇರೆ ದಾರಿ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಇಲ್ಲಿ ಇದೆ ಅಲ್ವಾ?

ಕೇರಳದಲ್ಲೇ ಉದಾಹರಣೆ ಬೇಕಿದ್ದರೆ ವಡಗರದ ಹತ್ತಿರ ಕಾರಕ್ಕಾಡಿನ ವಾಗ್ಭಟಾನಂದ ಪಾರ್ಕ್ ಇದೆ, 2021ರ ಜನವರಿಯಲ್ಲಿ ತೆರೆದದ್ದು. ಫೋಟೋ ನೋಡಿದವರೆಲ್ಲ 'ಯುರೋಪಿನ ಹಾಗಿದೆ' ಅಂದರು. ನಮಗೆ ಇಷ್ಟವಾದದ್ದು ಅದಲ್ಲ. ಅದು ಮೊದಲು ಬರೀ ಒಂದು ರಸ್ತೆ. ಬದಿಯಲ್ಲಿ ವಾಸ ಇರುವವರ ಜೊತೆ ಮಾತಾಡಿ, ಇದ್ದ ಮರ ಉಳಿಸಿಕೊಂಡು, ನಡೆಯುವ ದಾರಿ, ಮಕ್ಕಳ ಆಟದ ಜಾಗ, ಬ್ಯಾಡ್ಮಿಂಟನ್ ಕೋರ್ಟ್, ಬಯಲು ವೇದಿಕೆ ಮಾಡಿದರು. ಅದನ್ನೇ ಇಲ್ಲಿ ತಂದಿಡಿ ಅನ್ನುತ್ತಿಲ್ಲ. ಅಲ್ಲಿ ಮಾತಾಡಿದ ಹಾಗೆ ಇಲ್ಲೂ ಮಾತಾಡಿ.

ಮಾತಾಡಲು ಹೊಸ ವ್ಯವಸ್ಥೆ ಏನೂ ಬೇಡ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡಿಗೊಂದು ಗ್ರಾಮಸಭೆ ಇದೆ, ಮೂರು ತಿಂಗಳಿಗೊಮ್ಮೆ ಕರೆಯಬೇಕು. 1996ರಲ್ಲಿ, ಊರಿನ ಕೆಲಸ ಊರವರೇ ಕೂತು ಯೋಜಿಸುವ ಜನಕೀಯ ಯೋಜನೆ ಶುರುವಾದಾಗ, ನಮ್ಮಲ್ಲಿ ಹಲವರು ಬೆಂಚಿನ ಮೇಲೆ ಕೂತು ಯಾವ ರಸ್ತೆ ಮೊದಲು ಅಂತ ಜಗಳವಾಡಿದವರು. ಈ ಸಲ ಸಭೆಯನ್ನು ಕಟ್ಟೆಯಲ್ಲೇ ಕರೆಯಿರಿ, ಸಂಜೆ ಐದಕ್ಕೆ. ಬೆಳಗ್ಗೆ ಹತ್ತಕ್ಕೆ ಕರೆದರೆ ಕೂಲಿಗೆ ಹೋಗುವವರು ಬರುವುದಿಲ್ಲ, ಬೀಡಿ ಕಟ್ಟುವವರಿಗೆ ದಿನದ ಲೆಕ್ಕ ತಪ್ಪುತ್ತದೆ. ಎಂಜಿನಿಯರರೂ ಬರಲಿ. ನಕ್ಷೆಯ ವಿವರ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಮೊನ್ನೆ ಮಲಯಾಳ ಬಲ್ಲ ನೆರೆಯವರೇ ನಮಗೆ ಓದಿ ಹೇಳಿದರು, ಅವರಿಗೆ ನಾವೂ ಕನ್ನಡ ಓದಿ ಹೇಳುವುದುಂಟು. ಆದರೆ ಕಚೇರಿಯ ಕೆಲಸವನ್ನು ನೆರೆಯವರು ಎಷ್ಟು ಸಲ ಮಾಡುವುದು?

ಇನ್ನೊಂದು ಸಲಹೆ. ಏನನ್ನೂ ಕಟ್ಟುವ ಮುಂಚೆ ಒಂದು ತಿಂಗಳು ಪ್ರಯೋಗ ಮಾಡಿ ನೋಡೋಣ. ನೆಲಕ್ಕೆ ಸುಣ್ಣದ ಹುಡಿಯಲ್ಲಿ ಗೆರೆ ಹಾಕಿ ದಾರಿ ಗುರುತಿಸೋಣ. ಆಟೋ ಸ್ಟ್ಯಾಂಡನ್ನು ಹಗ್ಗ ಕಟ್ಟಿ ಹತ್ತು ಮೀಟರ್ ಈಚೆ ತರೋಣ, ಚಾಲಕರು ಒಪ್ಪಿದ್ದಾರೆ. ಶಾಮಿಯಾನದವರಿಂದ ಕುರ್ಚಿ ತಂದಿಟ್ಟು ಯಾರು ಎಲ್ಲಿಗೆ ಎಳೆದುಕೊಂಡು ಕೂರುತ್ತಾರೆ ಅಂತ ನೋಡೋಣ. ಒಂದು ದೀಪ ಸರಿಮಾಡಿ ಕೊಡಿ, ಉಳಿದ ಖರ್ಚು ನಮ್ಮದು. ತಪ್ಪಾದರೆ ಸುಣ್ಣ ಗುಡಿಸಿದರಾಯಿತು, ಕಾಂಕ್ರೀಟ್ ಆದರೆ ಹಾಗಲ್ಲ.

ಸಭೆಯ ದಿನ ಗೊತ್ತಾಗುವವರೆಗೆ ಮೈದಾನದ ಕೆಲಸದ ಟೆಂಡರ್ ಕರೆಯಬಾರದೆಂದು ಕೇಳಿಕೊಳ್ಳುತ್ತೇವೆ. ದಿನಾಂಕವನ್ನು ವಾರ್ಡು ಸದಸ್ಯರ ಮೂಲಕ ತಿಳಿಸಿದರೆ ಸಾಕು, ಕುರ್ಚಿ ಮತ್ತು ಚಾ ನಾವು ನೋಡಿಕೊಳ್ಳುತ್ತೇವೆ.

ಇತಿ,
ಪೇಟೆ ವಾರ್ಡಿನ ನಿವಾಸಿಗಳು

ಲಗತ್ತು: ಸಹಿ ಮಾಡಿದವರ ಪಟ್ಟಿ, ಒಂದು ವಾರದ ನೋಟುಬುಕ್ಕಿನ ಜೆರಾಕ್ಸ್, ಮಕ್ಕಳು ಬಿಡಿಸಿದ ಮೈದಾನದ ಚಿತ್ರ ಒಂದು (ಮರ ಸ್ವಲ್ಪ ದೊಡ್ಡದಾಗಿದೆ, ದಯವಿಟ್ಟು ಹೊಂದಿಸಿಕೊಳ್ಳಿ).