ಹಳೇ ಮನೆಯ ಹಂಚು, ಮರ ಬೇಕಾದವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆ ಕೊನೆಯ ಹಂಚಿನ ಮನೆಯನ್ನು ಮುಂದಿನ ವಾರ ಕೆಡವುತ್ತಾರೆ. ಜೆಸಿಬಿ ಬರುವ ಮೊದಲು ಹಂಚು, ಮಾಡಿನ ಮರದ ಪಕ್ಕಾಸು, ಅದರ ಮೇಲೆ ಹಂಚು ಕೂರಿಸುವ ರೀಪು, ಹಲಸಿನ ಮರದ ಬಾಗಿಲು ಎಲ್ಲವನ್ನೂ ಕೈಯಲ್ಲೇ ಬಿಚ್ಚಿ ಇಳಿಸಲು ಮನೆಯವರು ಒಪ್ಪಿದ್ದಾರೆ. ಬೇಕಾದವರು ಇಲ್ಲೇ ತಿಳಿಸಿ, ಸುಮ್ನೆ ಮಣ್ಣುಪಾಲಾಗುವುದು ಬೇಡ.

ಹಂಚಿನ ಬಗ್ಗೆ ಹೇಳಲೇಬೇಕು. 1865ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಮಂಗಳೂರಿಗೆ ಹೆಸರು ತಂದ ಮಾಲು ಇದು, ಒಡೆಯದಿದ್ದರೆ ಪಾಚಿ ಉಜ್ಜಿ ತೊಳೆದು ಇನ್ನೊಂದು ಮಾಡಿಗೆ ಆರಾಮವಾಗಿ ಹೊದಿಸಬಹುದು. ಬೆರಳಲ್ಲಿ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ಮಂಕಾಗಿ ಕೇಳಿದರೆ ಎಲ್ಲೋ ಬಿರುಕಿದೆ.

ತಾರಸಿ ಹಾಕಿಸುವವರು, ಕಾಂಕ್ರೀಟಿನ ನಡುವೆ ಹಂಚು ತುಂಬಿ ಹಾಕುವ ಫಿಲ್ಲರ್ ಸ್ಲ್ಯಾಬ್ ಬಗ್ಗೆ ನಿಮ್ಮ ಇಂಜಿನಿಯರ್ ಹತ್ತಿರ ಕೇಳಿ. ಸ್ಲ್ಯಾಬಿನ ಅಡಿಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣದ ಸರಳು, ಕಾಂಕ್ರೀಟ್ ಅಲ್ಲ, ಹಾಗಾಗಿ ಸರಳುಗಳ ನಡುವೆ ಹಳೇ ಹಂಚು ಇಟ್ಟರೆ ಸಿಮೆಂಟ್ ಉಳಿಯುತ್ತದೆ, ಒಳಗೆ ಸೆಕೆಯೂ ಕಡಿಮೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಉಳಿದ ಕೆಂಪುಕಲ್ಲಲ್ಲಿ ನಾವು ಬಾವಿಕಟ್ಟೆ ಪಕ್ಕ ಒಂದು ಜಗಲಿಯಾದರೂ ಕಟ್ಟಬಹುದು ಅಲ್ವಾ? ಸಂಜೆ ಅವಸರವಿಲ್ಲದೆ ಕೂತು ಮಾತಾಡುವ ಜಾಗವೇ ನಮ್ಮಲ್ಲಿಲ್ಲ. ಭಾನುವಾರ ಬೆಳಿಗ್ಗೆ 8ಕ್ಕೆ ಬನ್ನಿ, ಗೋಣಿಚೀಲ ತನ್ನಿ.