ರಘುವಿಗೆ, ಕೆಬ್ನೆಕೈಸೆಯ ಎರಡು ದಾರಿಗಳ ಬಗ್ಗೆ

ಪ್ರಿಯ ರಘು,

ನಿನ್ನ ಮೆಸೇಜು ಓದಿ ಜೋರಾಗಿ ನಕ್ಕೆ. "ಮುಳ್ಳಯ್ಯನಗಿರಿ 1,930 ಮೀಟರ್. ನಿಮ್ಮ ಸ್ವೀಡನ್ನಿನ ಅತಿ ಎತ್ತರದ ಬೆಟ್ಟ 2,097. ಇಷ್ಟಕ್ಕೆ ಹಗ್ಗ, ಕೊಡಲಿ, ಗೈಡು ಎಲ್ಲಾ ಬೇಕಾ ಮಾರಾಯ?" ಅಂತ ಕೇಳಿದ್ದೀಯ. ಕೇಳಬೇಕಾದ ಪ್ರಶ್ನೆಯೇ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನೀನು ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಟ್ರೆಕ್ಕಿಂಗ್ ಬಳಗದ ಇನ್ನೂ ಕೆಲವರು ಬರುವ ಮಾತಾಡುತ್ತಿದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಮುಳ್ಳಯ್ಯನಗಿರಿಗೆ ಕಾರಿನಲ್ಲಿ ಹೋಗಿ, ಕೊನೆಯ ಮೆಟ್ಟಿಲು ಹತ್ತಿ, ಗುಡಿಯಲ್ಲಿ ಕೈಮುಗಿದು, ಊಟದ ಹೊತ್ತಿಗೆ ಚಿಕ್ಕಮಗಳೂರಿಗೆ ವಾಪಸ್ ಬರಬಹುದು. ಅದು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ನೀನು ಹೇಳಿದ ಸ್ವೀಡನ್ನಿನ ಬೆಟ್ಟ, ಅಂದರೆ ಕೆಬ್ನೆಕೈಸೆ, ಇರುವುದು ಹತ್ತಿರ ಹತ್ತಿರ 68 ಡಿಗ್ರಿಯಲ್ಲಿ, ಆರ್ಕ್ಟಿಕ್ ವೃತ್ತ ದಾಟಿ ಇನ್ನೂ 150 ಕಿಲೋಮೀಟರ್ ಉತ್ತರಕ್ಕೆ. ನಮ್ಮಲ್ಲಿ 700 ಮೀಟರ್ ಎತ್ತರ ಅಂದರೆ ಕಾಫಿ ತೋಟ ಶುರುವಾಗುವ ಜಾಗ. ಅಲ್ಲಿ 700 ಮೀಟರಿಗೆ ಮರಗಳೇ ಮುಗಿದುಹೋಗುತ್ತವೆ. ಮರ ಅಂದರೂ ಸೊಟ್ಟ ಸೊಟ್ಟ ಕುಳ್ಳ ಬರ್ಚ್ ಅಷ್ಟೇ. ಅದರ ಮೇಲೆ ಪಾಚಿ, ಆಮೇಲೆ ಬರೀ ಕಲ್ಲು, ಆಮೇಲೆ ಬೇಸಿಗೆಯಲ್ಲೂ ಕರಗದ ಹಿಮ. ಆಗಸ್ಟ್‌ನಲ್ಲೂ ತುದಿಯಲ್ಲಿ ಹಿಮ ಬೀಳಬಹುದು. ಪಕ್ಕದ ತರ್ಫಾಲಾ ಕಣಿವೆಯಲ್ಲಿ 1992ರ ಡಿಸೆಂಬರ್‌ನಲ್ಲಿ ಬೀಸಿದ ಒಂದು ಗಾಳಿಯ ವೇಗ ಸೆಕೆಂಡಿಗೆ 81 ಮೀಟರ್, ಅಂದರೆ ಗಂಟೆಗೆ ಸುಮಾರು 290 ಕಿಲೋಮೀಟರ್. ನೀನು ಬರುವುದು ಬೇಸಿಗೆಯಲ್ಲಿ, ಹೆದರಬೇಡ. ಆದರೆ ಆ ಕಣಿವೆಗಳ ಸ್ವಭಾವ ಗೊತ್ತಿರಲಿ.

ಎತ್ತರಕ್ಕಿಂತ ಎಲ್ಲಿಂದ ಹತ್ತುತ್ತೇವೆ ಅನ್ನುವುದು ಮುಖ್ಯ. ಇದು ನಿನಗೇ ಗೊತ್ತು. ಕುಮಾರಪರ್ವತ ಬರೀ 1,712 ಮೀಟರ್, ಆದರೂ ಕುಕ್ಕೆ ಕಡೆಯಿಂದ ಹತ್ತಿದವರ ಮಂಡಿ ಏನಾಗುತ್ತದೆ ಅಂತ ನೋಡಿದ್ದೇವಲ್ಲ. ಕೆಬ್ನೆಕೈಸೆಯ ಬುಡದ ತಂಗುಮನೆ ಇರುವುದು ಸುಮಾರು 690 ಮೀಟರಿನಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ತುದಿಗೆ ಹೋಗಿ ಇಳಿಯಬೇಕು. ಕುಮಾರಪರ್ವತದ ದಾರಿಯ ಹಾಗೆ ನಡುವೆ ಭಟ್ಟರ ಮನೆ ಇಲ್ಲ, ಬಿಸಿ ಅನ್ನ ಸಾರು ಇಲ್ಲ.

ಅಲ್ಲಿಗೆ ತಲುಪುವುದನ್ನು ಬೇಗ ಹೇಳಿಬಿಡುತ್ತೇನೆ. ಸ್ಟಾಕ್‌ಹೋಮ್‌ನಿಂದ ಕಿರುನಾಕ್ಕೆ ರಾತ್ರಿ ರೈಲು ಅಥವಾ ವಿಮಾನ. ಕಿರುನಾ ಕಬ್ಬಿಣದ ಗಣಿಯ ಊರು. ಗಣಿ ಅಗೆಯುತ್ತಾ ಹೋಗಿ ಊರಿನ ನೆಲವೇ ಕುಸಿಯತೊಡಗಿದ್ದರಿಂದ ಊರಿನ ಕೇಂದ್ರಭಾಗವನ್ನೇ ಪೂರ್ವಕ್ಕೆ ಸಾಗಿಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡ ಮರದ ಚರ್ಚನ್ನು ಬಿಚ್ಚದೆ, ಹಾಗೇ ಎತ್ತಿ, ಚಕ್ರದ ಮೇಲಿಟ್ಟು 5 ಕಿಲೋಮೀಟರ್ ಒಯ್ದರು. ಅದನ್ನು ನೋಡಲಿಕ್ಕಾದರೂ ಒಂದು ದಿನ ಕಿರುನಾದಲ್ಲಿ ಇರು. ಅಲ್ಲಿಂದ ಬಸ್ಸಿನಲ್ಲಿ ನಿಕ್ಕಲುವೊಕ್ತಾ ಅನ್ನುವ, ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಹಳ್ಳಿ. ರಸ್ತೆ ಅಲ್ಲಿಗೆ ಮುಗಿಯಿತು. ಮುಂದೆ ತಂಗುಮನೆಗೆ 19 ಕಿಲೋಮೀಟರ್ ನಡಿಗೆ. ನಡುವಿನ ಸರೋವರದಲ್ಲಿ ದೋಣಿ ಹತ್ತಿದರೆ ಅದರಲ್ಲಿ ಸುಮಾರು 6 ಕಿಲೋಮೀಟರ್ ನಡಿಗೆ ತಪ್ಪುತ್ತದೆ. ದೋಣಿ ಹತ್ತು, ಸುಮ್ನೆ ಹಠ ಬೇಡ. ತೊರೆಯ ನೀರನ್ನು ಹಾಗೇ ಬೊಗಸೆಯಲ್ಲಿ ಕುಡಿಯಬಹುದು. ಸೊಳ್ಳೆಗಳ ಬಗ್ಗೆ ಮಾತ್ರ ಮಲೆನಾಡಿನವನಾದ ನನಗೂ ಗೌರವ ಬಂದಿದೆ. ಆಗಸ್ಟ್ ಕೊನೆಗೆ ಅವು ಕಡಿಮೆ.

ಈಗ ದಾರಿಗಳು. ಎರಡು ಇವೆ, ನಾನು ಎರಡರಲ್ಲೂ ಹೋಗಿದ್ದೇನೆ.

ಪಶ್ಚಿಮದ ದಾರಿಗೆ ಹಗ್ಗ ಬೇಡ, ಗೈಡೂ ಬೇಡ. ಕಲ್ಲುಗಳ ಮೇಲೆ ಕೆಂಪು ಬಣ್ಣ ಬಳಿದಿರುತ್ತಾರೆ, ಅದನ್ನು ಹಿಡಿದು ನಡೆಯುತ್ತಾ ಹೋಗುವುದು. ಸುಲಭ ಅನ್ನಿಸುತ್ತದೆ ಅಲ್ವಾ? ಅದು ಉದ್ದ. ಮೊದಲು ವಿಯೆರ್ರಾನ್‌ವಾರಿ ಅನ್ನುವ ಬೇರೆಯೇ ಒಂದು ಬೆಟ್ಟವನ್ನು ಹತ್ತಬೇಕು, ಅದೇ 1,700 ಮೀಟರ್. ಅಲ್ಲಿ ನಿಂತು ಎದುರಿಗೆ ಕೆಬ್ನೆಕೈಸೆ ಕಾಣುವಾಗ ಆಗುವ ಖುಷಿ ಒಂದು ನಿಮಿಷದ್ದು. ಯಾಕೆಂದರೆ ಆಗಷ್ಟೇ ಸಂಪಾದಿಸಿದ ಎತ್ತರದಲ್ಲಿ 200 ಮೀಟರಿನಷ್ಟನ್ನು ಕಳೆದುಕೊಂಡು ಕಾಫಿ ಕಣಿವೆಗೆ ಇಳಿಯಬೇಕು. ಹೌದು, ಅವರು ಇಟ್ಟ ಹೆಸರೇ ಅದು. ಗಿಡ ಹೋಗಲಿ, ಹುಲ್ಲೂ ಇಲ್ಲ. ಅಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದು ಮತ್ತೆ ಶುರು ಮಾಡಬೇಕು. ಬರುವಾಗ ಅದೇ 200 ಮೀಟರನ್ನು ಮತ್ತೆ ಹತ್ತಬೇಕು, ಅದೂ ಸುಸ್ತಾದ ಕಾಲಿನಲ್ಲಿ. ಒಟ್ಟು ಸೇರಿಸಿದರೆ 1,800 ಮೀಟರ್ ಹತ್ತಿದಂತಾಗುತ್ತದೆ. ಹೋಗಿ ಬರಲು 10ರಿಂದ 14 ಗಂಟೆ ಹಿಡಿಯುತ್ತದೆ. ದಾರಿಯೆಂದರೆ ಕಲ್ಲಿನ ರಾಶಿ. ಕೆಲವು ಕಲ್ಲು ಅಲ್ಲಾಡುತ್ತವೆ, ಯಾವುದು ಅಂತ ಕಾಲಿಟ್ಟ ಮೇಲೇ ತಿಳಿಯುವುದು. ಭಯ ಪಡುವಂಥದ್ದು ಏನೂ ಇಲ್ಲ. ಆದರೆ ಕಾಲು ಹೊರಳುವುದು, ಮಂಜು ಕವಿದು ಬಣ್ಣದ ಗುರುತು ತಪ್ಪುವುದು, ಹೊತ್ತು ಮೀರುವುದು, ಇವೆಲ್ಲ ಆಗುವುದು ಇಂಥ "ಸುಲಭ" ದಾರಿಯಲ್ಲೇ.

ಪೂರ್ವದ ದಾರಿ ಕಡಿಮೆ ದೂರ, ಕಡಿದು. ಅದು ಬ್ಯೋರ್ಲಿಂಗ್ ಹಿಮನದಿಯನ್ನು ಅಡ್ಡ ದಾಟಿ, ಆಚೆಯ ಬಂಡೆಗೋಡೆಯನ್ನು ಹತ್ತಿ ಮೇಲೆ ಹೋಗುತ್ತದೆ. ಯಾರು ಈ ಬ್ಯೋರ್ಲಿಂಗ್ ಅಂತ ಹುಡುಕಿ ನೋಡಿದೆ. ಕೆಬ್ನೆಕೈಸೆಗೆ ಎರಡು ತುದಿಗಳಿವೆ. ದಕ್ಷಿಣದ ತುದಿಯನ್ನು 1883ರಲ್ಲಿ ಶಾರ್ಲ್ ರಾಬೊ ಅನ್ನುವ ಫ್ರೆಂಚ್ ಮನುಷ್ಯ ಸ್ಥಳೀಯರ ಜತೆ ಹತ್ತಿದ. ಉತ್ತರದ ತುದಿಯನ್ನು 1889ರಲ್ಲಿ ಹತ್ತಿದವನು ಆಲ್ಫ್ರೆಡ್ ಬ್ಯೋರ್ಲಿಂಗ್, ಇನ್ನೂ ಹದಿಹರೆಯದ ಹುಡುಗ. ಅವನು 1892ರಲ್ಲಿ ಗ್ರೀನ್‌ಲ್ಯಾಂಡ್ ಕಡೆಯ ಸಮುದ್ರಕ್ಕೆ ಹೋದ, ಹಿಂದಿರುಗಲೇ ಇಲ್ಲ.

ಹಿಮನದಿಯ ಅಂಚಿಗೆ ಬಂದಾಗ ಗೈಡು ನಮ್ಮನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದಳು. ಸೊಂಟಕ್ಕೆ ಹಾರ್ನೆಸ್ ಅನ್ನುವ ಗಟ್ಟಿ ಪಟ್ಟಿ, ತಲೆಗೆ ಹೆಲ್ಮೆಟ್, ಬೂಟಿನ ಕೆಳಗೆ ಕ್ರ್ಯಾಂಪಾನ್ ಅನ್ನುವ ಕಬ್ಬಿಣದ ಹಲ್ಲು. ಹಗ್ಗದ ಉದ್ದೇಶ ನಮ್ಮನ್ನು ಎಳೆದುಕೊಂಡು ಹೋಗುವುದಲ್ಲ. ಹಿಮನದಿ ನಿಂತ ಮಂಜುಗಡ್ಡೆ ಅಲ್ಲ, ನಿಧಾನವಾಗಿ ಇಳಿಜಾರಿನಲ್ಲಿ ಸರಿಯುತ್ತಿರುತ್ತದೆ. ಕೆಳಗಿನ ಬಂಡೆ ಉಬ್ಬಿದ ಕಡೆ, ತಿರುವು ಇರುವ ಕಡೆ ಅದು ಸೀಳುತ್ತದೆ. ಆ ಸೀಳುಗಳ ಮೇಲೆ ಚಳಿಗಾಲದ ಹಿಮ ಬಿದ್ದು ಮುಚ್ಚಳ ಹಾಕಿದಂತಾಗುತ್ತದೆ. ಮೇಲಿಂದ ನೋಡಿದರೆ ನೆಲ ಸಮವಾಗಿದೆ ಅನ್ನಿಸುತ್ತದೆ. ಒಬ್ಬ ಕುಸಿದರೆ ಉಳಿದವರ ತೂಕ ಅವನನ್ನು ತಡೆಯಬೇಕು. ಅದಕ್ಕೇ ನಡುವೆ ಅಂತರ ಬಿಟ್ಟು ನಡೆಸುತ್ತಾರೆ. ಹಗ್ಗ ಸಡಿಲ ಬಿಡಬಾರದು, ಕೈಗೆ ಸುತ್ತಿಕೊಳ್ಳಬಾರದು, ಮುಂದಿನವನ ಹತ್ತಿರ ಹೋಗಿ ಹರಟೆ ಹೊಡೆಯಬಾರದು. ನಿನಗೆ ಕಷ್ಟವಾಗುವುದು ಈ ಕೊನೆಯದೇ.

ನಾವು ಹೋದಾಗ ಬೇಸಿಗೆ ಅರ್ಧ ಮುಗಿದಿತ್ತು. ಮೇಲಿನ ಹಿಮ ಕರಗಿ ಕೆಳಭಾಗದಲ್ಲಿ ಬೂದುಬಣ್ಣದ ಮಂಜುಗಡ್ಡೆ ಬಯಲಾಗಿತ್ತು. ಅಲ್ಲಲ್ಲಿ ನೀಲಿ ಸೀಳುಗಳು ಕಾಣುತ್ತಿದ್ದವು, ಒಳಗೆಲ್ಲೋ ನೀರು ಹರಿಯುವ ಸದ್ದು. ಸೀಳು ಕಂಡರೆ ಭಯ ಜಾಸ್ತಿ, ಅಪಾಯ ಕಡಿಮೆ. ಬೇಸಿಗೆಯ ಶುರುವಿನಲ್ಲಿ ಇದು ಉಲ್ಟಾ.

ಆಮೇಲೆ ಬಂಡೆ. ಇದು ನನಗೆ ಇಡೀ ದಿನದಲ್ಲಿ ತುಂಬಾ ಹಿಡಿಸಿದ ಭಾಗ. ಗೋಡೆಗೆ ಉಕ್ಕಿನ ಕೇಬಲ್ ಬಿಗಿದಿದ್ದಾರೆ. ನಮ್ಮ ಹಾರ್ನೆಸ್ಸಿನಿಂದ ಎರಡು ಚಿಕ್ಕ ಪಟ್ಟಿ, ಅವುಗಳ ತುದಿಗೆ ಕೇಬಲಿಗೆ ಸಿಕ್ಕಿಸುವ ಕೊಂಡಿ. ಕೇಬಲನ್ನು ಬಂಡೆಗೆ ಬಿಗಿದ ಗೂಟ ಬಂದಾಗ ಒಂದು ಕೊಂಡಿ ಬಿಚ್ಚಿ ಆಚೆ ಹಾಕು, ಆಮೇಲೆ ಇನ್ನೊಂದು. ಯಾವ ಕ್ಷಣದಲ್ಲೂ ಎರಡನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೈಗೆ ರೂಢಿಯಾಗುತ್ತದೆ. ಬಂಡೆಯಲ್ಲಿ ಕೈಗೆ, ಕಾಲಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಮರ ಹತ್ತಿ ಬೆಳೆದ ನಿನಗೆ ಏನೂ ಅನ್ನಿಸುವುದಿಲ್ಲ. ಎಚ್ಚರ ಬೇಕಾಗಿರುವುದು ಸಡಿಲ ಕಲ್ಲಿನ ಬಗ್ಗೆ. ನಿನ್ನ ಕಾಲಿಂದ ಜಾರಿದ ಕಲ್ಲು ಕೆಳಗಿನವನ ತಲೆಗೆ ಹೋಗುತ್ತದೆ. ಜಾರಿದರೆ ಯಾವ ಭಾಷೆಯಲ್ಲಾದರೂ ಸರಿ, ಜೋರಾಗಿ ಕೂಗು.

ಗೋಡೆ ಮುಗಿದ ಮೇಲೆ ಎರಡೂ ದಾರಿ ಒಂದಾಗುತ್ತವೆ. ಅಲ್ಲಿ ಗಾಳಿಗೆ ಮರೆಯಾಗಲು ಪುಟ್ಟ ಮರದ ಮನೆ ಇದೆ. ಅಲ್ಲಿಂದ ಮುಂದೆ ಕಲ್ಲು, ಕೊನೆಗೆ ದಕ್ಷಿಣದ ತುದಿ.

ನೀನು ಹೇಳಿದ 2,097 ಇದೆಯಲ್ಲ, ಅದು ನಾವೆಲ್ಲ ಹತ್ತುವ ಈ ತುದಿಯ ಎತ್ತರ ಅಲ್ಲ. ದಕ್ಷಿಣದ ತುದಿ ಪೂರ್ತಿ ಹಿಮದ್ದು. ಬಂಡೆಯ ಮೇಲೆ ಕೂತ ಹಿಮನದಿ. ಉತ್ತರದ ತುದಿ ಬಂಡೆ, ಅದರ ಎತ್ತರ 2,096.8 ಮೀಟರ್, ಬದಲಾಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ದಕ್ಷಿಣದ್ದು 2,117, 2,111 ಅಂತೆಲ್ಲ ಇರುತ್ತಿತ್ತು, ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಿದ್ದರು. 2018ರ ಬಿಸಿ ಬೇಸಿಗೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದು ಸುಮಾರು 4 ಮೀಟರ್ ಇಳಿಯಿತು. 2019ರ ಸೆಪ್ಟೆಂಬರ್‌ನಲ್ಲಿ ಅಳೆದಾಗ 2,095.6. ಅಂದರೆ ಸ್ವೀಡನ್ನಿನ ಅತಿ ಎತ್ತರದ ಜಾಗ ಅನ್ನುವ ಪಟ್ಟ ಉತ್ತರದ ಬಂಡೆಗೆ ಹೋಯಿತು. 2021ರ ಆಗಸ್ಟ್‌ನಲ್ಲಿ ಇನ್ನೂ ಇಳಿದು 2,094.6 ಆಯಿತು. ಚಳಿಗಾಲದಲ್ಲಿ ಹೊಸ ಹಿಮ ಬಿದ್ದು ಒಂದೆರಡು ಮೀಟರ್ ಮೇಲೇಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ.

ಇದನ್ನು ಅಳೆಯುವವರು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ತರ್ಫಾಲಾ ಸಂಶೋಧನಾ ಕೇಂದ್ರದವರು. ಕೆಬ್ನೆಕೈಸೆಯ ಪೂರ್ವ ಮಗ್ಗುಲಲ್ಲಿ ಇನ್ನೊಂದು ಹಿಮನದಿ ಇದೆ, ಸ್ಟೂರ್‌ಗ್ಲಾಸಿಯಾರೆನ್ ಅಂತ. ಅದರ ಲೆಕ್ಕವನ್ನು 1940ರ ದಶಕದಿಂದ ಬಿಡದೆ ಬರೆದಿಟ್ಟಿದ್ದಾರೆ. ಕೆಲಸ ಕೇಳಲು ಸರಳ. ಚಳಿಗಾಲ ಮುಗಿಯುವಾಗ ಎಷ್ಟು ಹಿಮ ಸೇರಿದೆ ಅಂತ ಗುಂಡಿ ತೋಡಿ, ಸಲಾಕೆ ಚುಚ್ಚಿ ನೋಡುವುದು. ಬೇಸಿಗೆ ಮುಗಿಯುವಾಗ ಎಷ್ಟು ಕರಗಿದೆ ಅಂತ ಹಿಮದಲ್ಲಿ ನೆಟ್ಟ ಕೋಲುಗಳ ಮೇಲೆ ಅಳೆಯುವುದು. ಒಂದರಿಂದ ಇನ್ನೊಂದನ್ನು ಕಳೆದರೆ ಆ ವರ್ಷದ ಲಾಭ ನಷ್ಟ. ಇಷ್ಟು ದೀರ್ಘ ಕಾಲ ಹೀಗೆ ಲೆಕ್ಕ ಇಟ್ಟ ಹಿಮನದಿ ಜಗತ್ತಿನಲ್ಲೇ ಅಪರೂಪ. ಆ ಚಳಿಯಲ್ಲಿ, ಆ ಗಾಳಿಯಲ್ಲಿ ವರ್ಷ ವರ್ಷ ಹೋಗಿ ಕೋಲು ಅಳೆದವರನ್ನು ನೆನೆದರೆ ತುದಿ ಮುಟ್ಟಿ ಫೋಟೊ ತೆಗೆದವರ ಸಾಹಸ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ನನ್ನದನ್ನೂ ಸೇರಿಸಿ.

ತಮಾಷೆಯೆಂದರೆ ಪಟ್ಟ ಹೋದ ಮೇಲೂ ಜನ ಹತ್ತುವುದು ದಕ್ಷಿಣದ ತುದಿಯನ್ನೇ. ಉತ್ತರಕ್ಕೆ ಹೋಗಬೇಕೆಂದರೆ ನಡುವಿನ ಹಿಮದ ಏಣು ದಾಟಬೇಕು. ಎರಡೂ ಕಡೆ ಪಾತಾಳ. ಅದು ನಡಿಗೆಯವರ ಜಾಗ ಅಲ್ಲ, ಪರ್ವತಾರೋಹಿಗಳದ್ದು. ನಾನು ಈಚೆ ನಿಂತು ನೋಡಿದೆ, ಸಾಕು ಅನ್ನಿಸಿತು. ಈಚೆಯ ತುದಿಯೂ ಚೂಪಾಗಿದೆ. ಒಂದಿಷ್ಟು ಜನ ಮಾತ್ರ ನಿಲ್ಲಬಹುದು, ಉಳಿದವರು ಕೆಳಗೆ ಸರದಿ ಕಾಯಬೇಕು. ಕ್ರ್ಯಾಂಪಾನ್ ಇಲ್ಲದೆ ಆ ಕೊನೆಯ ಹಿಮ ಹತ್ತುವವರನ್ನೂ ನೋಡಿದ್ದೇನೆ. ನೀನು ಹಾಗೆ ಮಾಡಿದರೆ ಅಲ್ಲಿಂದಲೇ ನಿಮ್ಮಮ್ಮನಿಗೆ ಫೋನ್ ಮಾಡುತ್ತೇನೆ.

ಮೋಡದ ಬಗ್ಗೆ ಒಂದು ಮಾತು. 2012ರ ಮಾರ್ಚ್‌ನಲ್ಲಿ ನಾರ್ವೆ ವಾಯುಸೇನೆಯ ಹರ್ಕ್ಯುಲಿಸ್ ವಿಮಾನವೊಂದು ಈ ಬೆಟ್ಟದ ಪಶ್ಚಿಮ ಮುಖಕ್ಕೆ ಬಡಿದು ಐವರೂ ಸತ್ತರು. ಅಂದು ಬೆಟ್ಟ ಮೋಡದಲ್ಲಿತ್ತು. ನಾವು ನಡೆದು ಹೋಗುವವರು, ನಮಗೆ ಮೋಡ ಅಂದರೆ ದಾರಿ ಕಾಣದಿರುವುದು ಅಷ್ಟೇ. ಆದರೆ ಗೈಡು "ಇವತ್ತು ಬೇಡ" ಅಂದರೆ ವಾದ ಮಾಡಬೇಡ. ಅಷ್ಟು ದೂರ ಬಂದು, ಅಷ್ಟು ದುಡ್ಡು ಕೊಟ್ಟು ಅಂತೆಲ್ಲ ಶುರು ಮಾಡುತ್ತೀಯ, ನನಗೆ ಗೊತ್ತು. ಅದಕ್ಕೇ ತಂಗುಮನೆಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳೋಣ. ಹವೆ ಕೆಟ್ಟರೆ ತರ್ಫಾಲಾ ಕಣಿವೆಗೆ ನಡೆದು ಬಂದರಾಯಿತು.

ನನ್ನ ಸಲಹೆ ಕೇಳಿದ್ದೀಯ. ಪೂರ್ವದಿಂದ ಹತ್ತಿ ಪಶ್ಚಿಮಕ್ಕೆ ಇಳಿಯೋಣ. ದುಡ್ಡು ಜಾಸ್ತಿ, ನಿಜ. ಗೈಡಿಲ್ಲದೆ ಹಿಮನದಿ ದಾಟುವ ಅನುಭವ ನಮಗಿಬ್ಬರಿಗೂ ಇಲ್ಲ, ಹಾಗಾಗಿ ಅಲ್ಲಿ ಉಳಿತಾಯ ಬೇಡ. ಕಲ್ಲು ರಾಶಿಯಲ್ಲಿ ನಡೆಯುವುದು ನಮಗೆ ಊರಿನಲ್ಲೇ ಆಗುತ್ತದೆ. ಹಿಮನದಿಯ ಮೇಲೆ ನಡೆಯಲು ಇಲ್ಲಿಗೇ ಬರಬೇಕು. ಪಶ್ಚಿಮಕ್ಕೆ ಇಳಿಯುವಾಗ ಕಾಫಿ ಕಣಿವೆಯಿಂದ ಮತ್ತೆ ಹತ್ತಬೇಕಲ್ಲ, ಆಗ ನನ್ನನ್ನು ಬೈಯಬಹುದು.

ಗೈಡಿನ ಜಾಗ ಬೇಗ ತುಂಬುತ್ತದೆ. ತಂಗುಮನೆ ಬೇಸಿಗೆಯಲ್ಲಿ ತೆರೆದಿರುವುದು ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ. ಆಗಸ್ಟ್ ಎರಡನೇ ವಾರ ನನಗೆ ಅನುಕೂಲ. ರಾತ್ರಿ 9 ಗಂಟೆಗೂ ಬೆಳಕಿರುತ್ತದೆ, ಇಳಿಯುವುದು ತಡವಾದರೂ ತೊಂದರೆಯಿಲ್ಲ. ಹೆಲ್ಮೆಟ್, ಹಾರ್ನೆಸ್, ಕ್ರ್ಯಾಂಪಾನ್ ಎಲ್ಲಾ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಬೂಟು ಮಾತ್ರ ನಿನ್ನದೇ ಬೇಕು, ಗಿಣ್ಣು ಮುಚ್ಚುವಂಥದ್ದು, ಅಡಿ ಗಟ್ಟಿ ಇರುವಂಥದ್ದು. ಈಗಲೇ ಕೊಂಡು ಮಳೆಗಾಲದಲ್ಲಿ ಕೊಡಚಾದ್ರಿಗೆ ಹಾಕಿಕೊಂಡು ಹೋಗಿ ಪಳಗಿಸು. ಷೆಂಗೆನ್ ವೀಸಾಕ್ಕೆ ಆಹ್ವಾನ ಪತ್ರ ನಾನು ಕಳಿಸುತ್ತೇನೆ, ನಿನ್ನ ಪಾಸ್‌ಪೋರ್ಟಿನ ಅವಧಿ ನೋಡಿ ಹೇಳು. ರಜೆ ಸಿಕ್ಕಿತೋ ಇಲ್ಲವೋ ಅಂತ ಈ ಭಾನುವಾರದೊಳಗೆ ತಿಳಿಸು, ಸೋಮವಾರ ಬುಕ್ ಮಾಡುತ್ತೇನೆ.

ನಿನ್ನ,
ಸುಧೀ