ಮಗಳಿಗೊಂದು ಪತ್ರ: ಬೆಲೆಗೆ ಬೆಳೆ ಇಲ್ಲ

ಪುಟ್ಟಿ,

ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ಹಾಸ್ಟೆಲಿನಲ್ಲಿದ್ದಾಗ ಬರೆದಿದ್ದೇ ಕೊನೆ ಇರಬೇಕು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು 'ಆಯ್ತಪ್ಪಾ, ಆಯ್ತಪ್ಪಾ' ಅಂದುಬಿಡುತ್ತೀಯ. ಅದಕ್ಕೇ ಈ ಕಾಗದ. ಕೂತು ಪೂರ್ತಿ ಓದು.

ಮೊನ್ನೆ ಫೇಸ್‌ಬುಕ್ಕಿನಲ್ಲಿ ಆ ಟೊಮೆಟೊ ಜಗಳ ನೋಡಿದೆ. ನಾನೂ ನಿನ್ನ ಫ್ರೆಂಡ್ ಲಿಸ್ಟಿನಲ್ಲಿದ್ದೇನೆ ಅನ್ನುವುದು ನಿನಗೆ ಮರೆತೇ ಹೋಗಿದೆ ಅಂತ ಕಾಣುತ್ತದೆ. ಯಾರೋ ಒಬ್ಬರು 2023ರ ಜುಲೈ ಕಥೆ ತೆಗೆದಿದ್ದರು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತಲ್ಲ, ಆ ಕಥೆ. ಆಗ ರೈತರೆಲ್ಲ 'ಕೋಟ್ಯಾಧಿಪತಿ'ಗಳಾದರು, ಈಗ ಯಾಕೆ ಅಳುವುದು ಅಂತ ಅವರ ವಾದ. ಅದಕ್ಕೆ ಆ ಕಡೆಯ ರೈತರೊಬ್ಬರು ಉತ್ತರ ಕೊಟ್ಟಿದ್ದರು. 'ಹಾ ವರ್ಷ ಬಂದಿದ್ದು ನಿಜ ಸಾರ್ ಹೀಗ ನಮ್ಮ ಬೆಲೆಗೆ ಬೆಳೆ ಇಲ್ಲ ಕೀಳೋ ಕೂಲಿನೂ ಹುಟ್ಟಲ್ಲ.' ಅದರ ಕೆಳಗೆ ನಿನ್ನದು. 'ಬೆಲೆಗೆ ಬೆಳೆ ಅಲ್ಲ, ಬೆಳೆಗೆ ಬೆಲೆ. ಮೊದಲು ಕನ್ನಡ ಸರಿಯಾಗಿ ಕಲಿಯಿರಿ, ಆಮೇಲೆ ವಾದ ಮಾಡು.' ಜೊತೆಗೆ ಕಣ್ಣೀರು ಬರುವ ಹಾಗೆ ನಗುವ ಮುಖ ಎರಡು.

ಲೈಕು ಚೆನ್ನಾಗಿಯೇ ಬಿದ್ದಿತ್ತು. ಆಮೇಲೆ ಬಂದವರೆಲ್ಲ ಆ ಮನುಷ್ಯರ ಹಕಾರ ಹಿಡಿದುಕೊಂಡು ಕುಣಿದರು. ಟೊಮೆಟೊ ಮಾತು ಅಲ್ಲಿಗೆ ಮುಗಿಯಿತು. ರೈತರು ಮತ್ತೆ ಬಾಯಿ ಬಿಡಲಿಲ್ಲ. ಎಂಬತ್ತೋ ತೊಂಬತ್ತೋ ಕಾಮೆಂಟು ಪೂರ್ತಿ ಓದಿದೆ ಮಾರಾಯ್ತಿ, ಒಬ್ಬರಾದರೂ ಈಗ ಬಾಕ್ಸಿಗೆ ಎಷ್ಟು ಸಿಗುತ್ತಿದೆ ಅಂತ ಕೇಳಿಲ್ಲ.

ನಿನ್ನಪ್ಪ 31 ವರ್ಷ ಪ್ರೂಫ್ ನೋಡಿ ಸಂಸಾರ ಸಾಕಿದವನು. ಕಾಗುಣಿತ ಹೇಗಿದ್ದರೂ ನಡೆಯುತ್ತದೆ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಅದೇ ನನಗೆ ಅನ್ನ ಹಾಕಿದ್ದು. 'ಆದರೆ' ಅನ್ನುವ ಕಡೆ 'ಹಾದರೆ' ಅಂತ ಬಂದರೆ ಇವತ್ತಿಗೂ ಮೈ ಉರಿಯುತ್ತದೆ, 'ಶುಭಾಷಯ' ಕಂಡರೆ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಹಾಗಾಗಿ ನಿನಗೆ ಆ ತಪ್ಪು ಕಣ್ಣಿಗೆ ಹೊಡೆದದ್ದರಲ್ಲಿ ನನಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮೇಲಿನವರ 'ಕೋಟ್ಯಾಧಿಪತಿ' ನಿನ್ನ ಕಣ್ಣಿಗೆ ಬೀಳಲಿಲ್ಲವಲ್ಲ? ಕೋಟಿ, ಅಧಿಪತಿ ಸೇರಿದರೆ ಕೋಟ್ಯಧಿಪತಿ. ಅಲ್ಲಿ ದೀರ್ಘಕ್ಕೆ ಜಾಗವೇ ಇಲ್ಲ. ಲಕ್ಷ, ಅಧಿಪತಿ ಸೇರಿ ಲಕ್ಷಾಧಿಪತಿ ಆಗುತ್ತದೆ, ಆ ದೀರ್ಘವನ್ನು ಎತ್ತಿ ತಂದು ಕೋಟಿಗೂ ಅಂಟಿಸುತ್ತಾರೆ. 'ಕೋಟ್ಯಾಂತರ'ವೂ ಹಾಗೇ ಹುಟ್ಟಿದ್ದು, ಪೇಪರಿನವರೂ ಅದನ್ನೇ ಬರೆಯುತ್ತಾರೆ. ಆದರೆ ಅದು ಓದಿದವರ ತಪ್ಪು. ನೋಡುವುದಕ್ಕೆ ಸಂಸ್ಕೃತದ ಹಾಗಿದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದೆ, ಯಾರೂ ತಡೆದು ನಿಲ್ಲಿಸುವುದಿಲ್ಲ. ರೈತರ 'ಹೀಗ' ಮಾತ್ರ ಬರಿಗಾಲಲ್ಲಿ ಬಂತು, ಸಿಕ್ಕಿಬಿತ್ತು.

ಅವರ ತಪ್ಪು ಎಲ್ಲಿಂದ ಬಂತು ಅಂತ ನಾನು ಕೂತು ಯೋಚಿಸಿದೆ. ಹಳೆ ಚಾಳಿ. ಪ್ರೂಫಿನಲ್ಲಿ ತಪ್ಪು ಕಂಡರೆ ಅದು ಬರೆದವರದೋ, ಅಚ್ಚಿನ ಮೊಳೆ ಜೋಡಿಸಿದವರದೋ ಅಂತ ನೋಡಲೇಬೇಕಿತ್ತು. ನಿಮ್ಮಮ್ಮನ ಫೋನ್ ತೆಗೆದುಕೊಂಡು ಇಂಗ್ಲಿಷಿನ ಬಿ, ಇ, ಎಲ್, ಇ ಒತ್ತಿದೆ. ಬೆಲೆ, ಬೆಳೆ, ಬೇಳೆ ಮೂರೂ ಸಾಲಾಗಿ ಬಂದು ನಿಂತವು. ತೋಟದಲ್ಲಿ ನಿಂತು, ಬಿಸಿಲಿನಲ್ಲಿ ಆ ಸಣ್ಣ ಗಾಜನ್ನು ನೋಡುತ್ತಾ ಒರಟು ಹೆಬ್ಬೆರಳಿನಲ್ಲಿ ಒತ್ತಿದರೆ ಯಾವುದು ಬೀಳುತ್ತದೋ ಅದು ಬಿತ್ತು. ಕಂಪ್ಯೂಟರಿನಲ್ಲೂ ಇದೇ ಕಥೆ. 1998ರಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ 'ಬರಹ' ಬಂತು, ಆಮೇಲೆ 'ನುಡಿ' ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಲ ಮತ್ತು ಳ ಇರುವುದು ಒಂದೇ ಕೀಲಿಯಲ್ಲಿ. ಶಿಫ್ಟ್ ಒತ್ತಿದರೆ ಳ, ಒತ್ತದಿದ್ದರೆ ಲ. ನ, ಣ ಕೂಡ ಹಾಗೇ. ಕ, ಖ ಕೂಡ. ಕಿರುಬೆರಳು ಒಂದು ಗಳಿಗೆ ಸೋಮಾರಿಯಾದರೆ ಬೆಳೆ ಹೋಗಿ ಬೆಲೆ ಆಗುತ್ತದೆ.

ಇನ್ನೊಂದು ಮಾತು. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಕನ್ನಡ ಅವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಆ ರೈತರ ಮನೆಮಾತು ಯಾವುದೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಮನೆಯಲ್ಲಿ ಒಂದು ಆಡಿ, ಪೇಟೆಯಲ್ಲಿ ಇನ್ನೊಂದು ಆಡಿ, ಮೂರನೆಯವರ ಕೀಲಿಮಣೆಯಲ್ಲಿ ಒತ್ತಿ ಬರೆಯುವವರಿಗೆ 'ಕನ್ನಡ ಕಲಿ' ಅನ್ನುವುದಕ್ಕೆ ಮುಂಚೆ, ನಾವು ಎಷ್ಟು ತೆಲುಗು ಬರೆಯಬಲ್ಲೆವು ಅಂತ ನೋಡಿಕೊಳ್ಳಬೇಕು ಅಲ್ವಾ? ನನಗಂತೂ ಬಸ್ಸಿನ ಬೋರ್ಡು ಓದುವುದಕ್ಕೂ ಬರುವುದಿಲ್ಲ.

ಹಕಾರದ ಮಾತಿಗೆ ಬರುತ್ತೇನೆ, ಅದು ನಮ್ಮ ಮನೆಗೇ ತಾಗುವ ಮಾತು. ಮಂಡ್ಯದ ನಿನ್ನ ಸೋದರತ್ತೆ ನಿನಗೆ 'ಉಟ್ಟು ಅಬ್ಬದ ಶುಭಾಷಯ ಪುಟ್ಟಿ' ಅಂತ ಕಳಿಸಿದಾಗ ನೀನು ಮೂರು ಹಾರ್ಟ್ ಹಾಕಿದೆ. ಒಂದು ಸಾಲಿನಲ್ಲಿ ಮೂರು ತಪ್ಪು, ತಪ್ಪಿಗೊಂದು ಹಾರ್ಟ್. ಅತ್ತೆ ಬಾಯಲ್ಲಿ ಹ ಬರುವುದಿಲ್ಲ ಅಂತ ಗೊತ್ತು, ಅದು ನಿನಗೆ ಮುದ್ದು. ಗೊತ್ತಿಲ್ಲದ ಮನುಷ್ಯರ ಹ ಮಾತ್ರ ಕಾಮಿಡಿ ಆಗಿಬಿಟ್ಟಿತು. ನಾನೂ ಅದೇ ಮನೆಯವನು ಕಣಮ್ಮಾ. ಸಿಟ್ಟು ಬಂದಾಗ ಇವತ್ತಿಗೂ ನನ್ನ ಬಾಯಲ್ಲಿ 'ಓಗತ್ಲಾಗೆ' ಅಂತಲೇ ಬರುವುದು, ನಿಮ್ಮಮ್ಮನನ್ನು ಕೇಳು. ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ, ತಪ್ಪಾಗಬಾರದು ಅನ್ನುವ ಭಯಕ್ಕೆ ಬೇಕಾದ ಕಡೆ, ಬೇಡದ ಕಡೆ ಎಲ್ಲ ಹ ಹಾಕಿ ಮಾತಾಡುತ್ತಿದ್ದೆ. 'ಹಕ್ಕಿ ಬೆಲೆ ಜಾಸ್ತಿಯಾಗಿದೆ ಸಾರ್' ಅಂದಿದ್ದೆ ಒಮ್ಮೆ. ಅಕ್ಕಿ ವಿಷಯ ಅದು. ಆ ರೈತರ 'ಹೀಗ' ಕೂಡ ಅದೇ ಜಾತಿಯದು. ಓದಿದವರ ಮುಂದೆ ಮರ್ಯಾದೆಯಾಗಿ ಬರೆಯಬೇಕು ಅಂತ ಕಷ್ಟಪಟ್ಟು ತಂದು ಇಟ್ಟ ಹ. ಅದಕ್ಕೇ ನನಗೆ ಅಷ್ಟು ನೋವಾಗಿದ್ದು.

ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನದಲ್ಲಿ ಎಷ್ಟು ದೊಡ್ಡವರು ಅಂತ ನಿನಗೆ ಗೊತ್ತು. ಅವರು ಮಹಾಪ್ರಾಣದ ಅಕ್ಷರಗಳೇ ಕನ್ನಡಕ್ಕೆ ಬೇಡ ಅಂದವರು. ಬಹಳ ಜನರ ಬಾಯಲ್ಲಿ ಬರದ ಅಕ್ಷರವನ್ನು ಬರಹದಲ್ಲಿ ಹೇರುವುದೇಕೆ ಅಂತ ಕೇಳಿ, ತಮ್ಮ ಬರವಣಿಗೆಯಲ್ಲೂ ಅವನ್ನು ಕೈಬಿಟ್ಟರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಧನ ಬೇರೆ, ದನ ಬೇರೆ. ಹಕಾರ ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಅಷ್ಟು ಓದಿದವರೇ ಅಷ್ಟೊಂದು ಅಕ್ಷರ ಬೇಡ ಅಂದಿರುವಾಗ, ಒಂದು ಹಕಾರಕ್ಕಾಗಿ ಟೊಮೆಟೊ ಬೆಳೆಯುವವರನ್ನು ಬೀದಿಯಲ್ಲಿ ನಿಲ್ಲಿಸುವುದು ಸ್ವಲ್ಪ ಜಾಸ್ತಿಯೇ ಆಯಿತು.

ಇನ್ನು ನಿನ್ನ ವಾಕ್ಯ. ಕೋಪ ಮಾಡಿಕೊಳ್ಳಬೇಡ. 'ಕಲಿಯಿರಿ' ಅಂತ ಶುರು ಮಾಡಿ 'ಮಾಡು' ಅಂತ ಮುಗಿಸಿದ್ದೀಯ. ವ್ಯಾಕರಣದ ಪಾಠ ಹೇಳುವ ಸಾಲಿನಲ್ಲೇ ವ್ಯಾಕರಣ ಜಾರಿದೆ. ಆದರೆ ಅದು ಬರೀ ವ್ಯಾಕರಣವಲ್ಲ. ಇಂಗ್ಲಿಷಿನವರಿಗೆ ಎಲ್ಲರೂ 'ಯೂ', ಅವರು ಬೈಯುವಾಗಲೂ ಅದೇ, ಬೇಡುವಾಗಲೂ ಅದೇ. ನಮಗೆ ಹಾಗಿಲ್ಲ. ಎದುರಿನವರು ನಮಗೆ ಏನಾಗಬೇಕು ಅನ್ನುವುದನ್ನು ಒಂದೊಂದು ಕ್ರಿಯಾಪದಕ್ಕೂ ತೀರ್ಮಾನ ಮಾಡಬೇಕು. ನಾನು ಈಗ ಜಗಳಗಳನ್ನು ಓದುವುದೇ ಹೀಗೆ, ವಿಷಯ ಬಿಟ್ಟು ಕ್ರಿಯಾಪದದ ಬಾಲ ನೋಡುತ್ತೇನೆ. ಮೊದಲ ಕಾಮೆಂಟು 'ತಾವು ತಿಳಿದವರು'. ಎರಡನೆಯದು 'ನೀವು ಹೇಳುತ್ತಿರುವುದು ತಪ್ಪು'. ನಾಲ್ಕನೆಯದರಲ್ಲಿ 'ನಿನಗೇನು ಗೊತ್ತು'. ಏಳನೆಯದಕ್ಕೆ 'ಲೇ'. ಅಲ್ಲಿಂದ ಮುಂದೆ ಅಪ್ಪ ಅಮ್ಮ ಎಲ್ಲ ಬರುತ್ತಾರೆ. ನಿನ್ನದು ಒಂದೇ ಸಾಲಿನಲ್ಲಿ ಒಂದು ಮೆಟ್ಟಿಲು ಇಳಿಯಿತು. ಆ ರೈತರು 'ಸಾರ್' ಅಂತಲೇ ಬರೆದಿದ್ದರು.

ಹಾಗಂತ ಏಕವಚನವೆಲ್ಲ ಬೈಗುಳವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿ ಕಡೆಯ ಗೆಳೆಯರು ಒಬ್ಬರಿಗೊಬ್ಬರು 'ಲೇ' ಅಂದರೆ ಅದು ಪ್ರೀತಿ. ನಮ್ಮ ಕಡೆ 'ಗುರು' ಅಂದರೆ ಯಾರೂ ಕಾಲಿಗೆ ಬೀಳುವುದಿಲ್ಲ. ಎದುರಾ ಎದುರು ಮಾತಾಡುವಾಗ ಮುಖ ಕಾಣುತ್ತದೆ, ಧ್ವನಿ ಕೇಳುತ್ತದೆ, ಯಾವ 'ಲೇ' ಎಂಥದ್ದು ಅಂತ ತಿಳಿಯುತ್ತದೆ. ಪರದೆಯ ಮೇಲೆ ಬರೀ ಅಕ್ಷರ. ಅಲ್ಲಿ 'ರಿ' ಒಂದು ಹೆಚ್ಚಾಗಿ ಬಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ನನ್ನದೂ ಒಂದು ಕೇಳು, ನಿನಗೆ ಇದನ್ನು ಹೇಳಿಲ್ಲ. 1989. ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚು ಹಾಕುತ್ತಿದ್ದ ಕಾಲ. ಒಂದು ಮದುವೆ ಕಾಗದ ಬಂತು, 300 ಪ್ರತಿ. 'ವಧೂವರರನ್ನು ಹರಸಬೇಕಾಗಿ ವಿನಂತಿ' ಅಂತ ಇರಬೇಕಾದದ್ದು. ಕಂಪೋಸಿಟರ್ ರ ಮೊಳೆಯ ಬದಲು ರಿ ಮೊಳೆ ಎತ್ತಿಬಿಟ್ಟಿದ್ದ, ನನ್ನ ಕಣ್ಣೂ ಅದರ ಮೇಲೆ ಜಾರಿಹೋಯಿತು. 'ವಧೂವರರನ್ನು ಹರಿಸಬೇಕಾಗಿ ವಿನಂತಿ.' ನದಿಗೆ ಹರಿಸುವುದೋ ಗಟಾರಕ್ಕೆ ಹರಿಸುವುದೋ ದೇವರಿಗೇ ಗೊತ್ತು. ಹುಡುಗಿಯ ತಂದೆ ಮಾರನೆಯ ದಿನ ಕಟ್ಟು ಹಿಡಿದುಕೊಂಡು ಬಂದರು. ಮಾಲೀಕರು ಗಲ್ಲಾದ ಮೇಲೆ ಕೂತಿದ್ದರು, ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಆತ ಯಾರಿಗೂ ಏನೂ ಹೇಳಲಿಲ್ಲ. ಸೀದಾ ಒಳಗೆ ನನ್ನ ಮೇಜಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ 'ಸ್ವಾಮಿ, ಒಂದು ಗುಡಿಸು ಜಾಸ್ತಿ ಬಿದ್ದಂಗಿದೆ' ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ರಾತ್ರಿ ನಾನೂ ಕಂಪೋಸಿಟರೂ ಕೂತು 300 ಕಾಗದದಲ್ಲೂ ಬ್ಲೇಡಿನಿಂದ ಗುಡಿಸು ಕೆರೆದು ಪೆನ್ನಿನಲ್ಲಿ ತಲೆಕಟ್ಟು ಎಳೆದೆವು. ಆತ ಗಲ್ಲಾದ ಮುಂದೆ ನಿಂತು ಕೂಗಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು. ಕೂಗುವ ಹಕ್ಕೂ ಅವರಿಗಿತ್ತು, ದುಡ್ಡು ಕೊಟ್ಟಿದ್ದರು. ನಾವು ಇಂಥದ್ದಕ್ಕೆಲ್ಲ ಮುದ್ರಾರಾಕ್ಷಸನ ಹಾವಳಿ ಅಂತ ಹೆಸರಿಟ್ಟು ತಪ್ಪನ್ನು ರಾಕ್ಷಸನ ತಲೆಗೆ ಕಟ್ಟುತ್ತಿದ್ದೆವು. ಈಗಿನವರಿಗೆ ಅಂಥ ರಾಕ್ಷಸನೂ ಇಲ್ಲ ಪಾಪ.

ತಿದ್ದಲೇಬಾರದಾ ಅಂತ ನೀನು ಕೇಳುತ್ತೀಯ. ತಿದ್ದು. ದುಡ್ಡು ತೆಗೆದುಕೊಂಡು ಬರೆಯುವವರನ್ನು ಜೋರಾಗಿಯೇ ತಿದ್ದು. ಪೇಪರಿನ ತಲೆಬರಹ, ಪಠ್ಯಪುಸ್ತಕ, ಸರ್ಕಾರಿ ನೋಟಿಸು, ಯಾವುದಕ್ಕೂ ರಿಯಾಯಿತಿ ಬೇಡ. 2024ರಲ್ಲಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಅಂತ ಕಾನೂನು ಬಂದಾಗ ಬೆಂಗಳೂರಿನ ದೊಡ್ಡ ದೊಡ್ಡ ಅಂಗಡಿಯವರು ಅವಸರಕ್ಕೆ ಮೆಷಿನ್ ಕನ್ನಡ ಬರೆಸಿ ಹಾಕಿದರಲ್ಲ, ಅಂಥದ್ದರ ಫೋಟೊ ತೆಗೆದು ಹಾಕು, ನಾನೂ ಲೈಕ್ ಒತ್ತುತ್ತೇನೆ. ಅವರಿಗೆ ಒಬ್ಬ ಪ್ರೂಫ್ ರೀಡರನ್ನು ಇಟ್ಟುಕೊಳ್ಳುವ ಶಕ್ತಿ ಇದೆ. (ನಾನು ಖಾಲಿ ಕೂತಿದ್ದೇನೆ, ಹೇಳು ಬೇಕಾದರೆ.)

ಮಿಕ್ಕವರಿಗೆ ಇನ್‌ಬಾಕ್ಸ್ ಇದೆ. ನಿಮ್ಮಮ್ಮನಿಗೆ ನಾನು ಹಾಗೇ ಹೇಳಿಕೊಟ್ಟೆ. ಅವಳು 'ಕನಾ೯ಟಕ', 'ಸೂಯ೯' ಅಂತ ಬರೆಯುತ್ತಿದ್ದಳು, ಗಮನಿಸಿದ್ದೀಯಾ? ಅದು ಅರ್ಕಾವತ್ತಲ್ಲ, ಒಂಬತ್ತು! ಕೈಯಲ್ಲಿ ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಅವಳು ಟೈಪಿಂಗ್ ಕಲಿತಾಗಲೂ ಅದನ್ನು ಕೊನೆಗೇ ಒತ್ತಿ ಅಭ್ಯಾಸ. ಫೋನಿನಲ್ಲಿ ರ್ ಮೊದಲು ಒತ್ತಬೇಕು. ಅದು ಗೊತ್ತಾಗದೆ, ಅದರ ಹಾಗೇ ಕಾಣುವ ಅಂಕಿ ಹುಡುಕಿ ಹಾಕಿದ್ದಾಳೆ. ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ, ಆದರೆ 'ಕರ್ನಾಟಕ' ಅಂತ ಹುಡುಕಿದರೆ ಅವಳು ಬರೆದದ್ದು ಸಿಗುವುದೇ ಇಲ್ಲ. ಇದನ್ನು ಹೇಳಿದ ಮೇಲೆ ಅವಳೇ ಮಹಿಳಾ ಸಮಾಜದ ಗ್ರೂಪಿನಲ್ಲಿ ಹನ್ನೊಂದು ಜನಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿಕೊಟ್ಟಳು. ಫೋನ್ ಬಿಲ್ಲಿನ ಚಿಂತೆ ಈಗ ಇಲ್ಲವಲ್ಲ.

ನಾನು ನಿನ್ನ ಕಾಮೆಂಟಿನ ಕೆಳಗೆ ಏನೂ ಬರೆದಿಲ್ಲ. 'ಮಾಡು ಅಲ್ಲ, ಮಾಡಿ' ಅಂತ ಬರೆಯುವುದಕ್ಕೆ ಬೆರಳು ತುರಿಸುತ್ತಿತ್ತು, ಹೇಗೋ ತಡೆದುಕೊಂಡೆ. ಆ ರೈತರ ಕಾಮೆಂಟಿಗೆ ಮಾತ್ರ 'ಈಗ ಬಾಕ್ಸಿಗೆ ಎಷ್ಟು ಸಿಗುತ್ತಿದೆ ಸ್ವಾಮಿ?' ಅಂತ ಕೇಳಿದೆ. ಎರಡು ದಿನ ಸುಮ್ನೆ ಇದ್ದು, ನಿನ್ನೆ ರಾತ್ರಿ ಉತ್ತರ ಬರೆದಿದ್ದಾರೆ. ಬೀಜಕ್ಕೆ, ಗೊಬ್ಬರಕ್ಕೆ, ಕಡ್ಡಿ ದಾರಕ್ಕೆ, ಕೀಳುವ ಕೂಲಿಗೆ, ಮಂಡಿಯ ಕಮಿಷನ್ನಿಗೆ ಎಷ್ಟೆಷ್ಟು ಅಂತ ಉದ್ದಕ್ಕೂ ಲೆಕ್ಕ ಕೊಟ್ಟಿದ್ದಾರೆ. ಒಟ್ಟು ಹದಿನಾಲ್ಕು ತಪ್ಪು, ಎಣಿಸಿದೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ. ಕೂಡಿಸಿದ್ದರಲ್ಲಿ ಮಾತ್ರ ಒಂದು ರೂಪಾಯಿ ಆಚೆ ಈಚೆ ಇಲ್ಲ. ಅಲ್ಲೇ ಇದೆ, ನೋಡು.

ನಿನ್ನ,
ಅಪ್ಪ